ಹನ್ನೊಂದು ವರ್ಷದ ನಂತರ ಬಂದ ಪ್ರಶ್ನೆಪತ್ರಿಕೆ

1977ರ ಅಕ್ಟೋಬರ್ 21. ಚೀನಾದ ‘ಪೀಪಲ್ಸ್ ಡೈಲಿ’ ಪತ್ರಿಕೆಯ ಮುಖಪುಟದ ಸುದ್ದಿ ಹಳ್ಳಿಗಳ ಧ್ವನಿವರ್ಧಕಗಳಲ್ಲೂ ಕೇಳಿಬಂತು. ಕಾಲೇಜು ಸೇರಲು ಮತ್ತೆ ಪರೀಕ್ಷೆ ನಡೆಯಲಿದೆ. ಕಾರ್ಮಿಕರು, ರೈತರು, ಸೇನೆಯಿಂದ ಮರಳಿದವರು, ನಗರದಿಂದ ಹಳ್ಳಿಗೆ ಹೋದ ಹುಡುಗ ಹುಡುಗಿಯರು, ಆ ವರ್ಷವಷ್ಟೇ ಶಾಲೆ ಮುಗಿಸಿದವರು, ಎಲ್ಲರೂ ಅರ್ಜಿ ಹಾಕಬಹುದು. 1966, 67ರಲ್ಲಿ ಪ್ರೌಢಶಾಲೆ ಮುಗಿಸಿದವರಿಗೆ ವಯಸ್ಸಿನ ಮಿತಿಯನ್ನು ಮೂವತ್ತಕ್ಕೆ ಏರಿಸಲಾಗಿತ್ತು. ಅವರಿಗೆ ಮದುವೆಯಾಗಿದ್ದರೂ ಅಡ್ಡಿಯಿರಲಿಲ್ಲ. ತಯಾರಿಗೆ ಸಿಕ್ಕಿದ್ದು ಮಾತ್ರ ತಿಂಗಳು, ಒಂದೂವರೆ ತಿಂಗಳು.

ಇಂದು ಚೀನಾದಲ್ಲಿ ಜೂನ್ ಬಂತೆಂದರೆ ಇಡೀ ದೇಶ ಉಸಿರು ಬಿಗಿಹಿಡಿದು ಕಾಯುವ ‘ಗಾವೊಕಾವೊ’ ಎಂಬ ಪ್ರವೇಶ ಪರೀಕ್ಷೆ ಮರುಹುಟ್ಟು ಪಡೆದದ್ದು ಹೀಗೆ. ಅದು ಸತ್ತದ್ದು ಹೇಗೆಂದು ತಿಳಿಯದೆ ಆ ಸುದ್ದಿಯ ತೂಕ ತಿಳಿಯದು.

ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ 1952ರಲ್ಲಿ ಶುರುವಾಗಿತ್ತು. 1966ರ ಜೂನ್‌ನಲ್ಲಿ, ದೇಶದ ನಾಯಕ ಮಾವೊ ಹೂಡಿದ ಸಾಂಸ್ಕೃತಿಕ ಕ್ರಾಂತಿಯ ಕಾವು ಏರುತ್ತಿದ್ದಂತೆ, ಆ ವರ್ಷದ ಪ್ರವೇಶವನ್ನು ಆರು ತಿಂಗಳು ಮುಂದೂಡಲಾಗಿದೆ ಎಂದು ಸರ್ಕಾರ ಪ್ರಕಟಿಸಿತು. ಆ ಆರು ತಿಂಗಳು ಹನ್ನೊಂದು ವರ್ಷವಾಯಿತು. ತರಗತಿಗಳು ನಿಂತವು, ಮೇಷ್ಟ್ರುಗಳನ್ನು ಬೀದಿಗೆಳೆದು ಅವಮಾನಿಸಲಾಯಿತು. ವಿದ್ಯಾವಂತ ಯುವಜನ ಹಳ್ಳಿಗೆ ಹೋಗಿ ರೈತರಿಂದ ಕಲಿಯಲಿ ಎಂದು 1968ರ ಡಿಸೆಂಬರ್‌ನಲ್ಲಿ ಮಾವೊ ಕರೆ ಕೊಟ್ಟರು. ಒಟ್ಟು ಒಂದೂವರೆ ಕೋಟಿಗೂ ಹೆಚ್ಚು ಎಳೆಯರು ಹೇಲಾಂಗ್‌ಜಿಯಾಂಗ್‌ನ ಹಿಮದ ಬಯಲಿಗೆ, ಯುನ್ನಾನ್‌ನ ರಬ್ಬರ್ ತೋಟಗಳಿಗೆ, ಉತ್ತರ ಶಾನ್‌ಶಿಯ ಒಣ ಗುಡ್ಡಗಳಿಗೆ ಹೋದರು. ಎಷ್ಟೋ ಮಂದಿ ಶಾಲೆಯನ್ನೇ ಪೂರ್ತಿ ಮುಗಿಸಿರಲಿಲ್ಲ.

1970ರಲ್ಲಿ ವಿಶ್ವವಿದ್ಯಾಲಯಗಳು ನಿಧಾನವಾಗಿ ಬಾಗಿಲು ತೆರೆದವು. ಆದರೆ ಪರೀಕ್ಷೆಯಿಲ್ಲ, ಶಿಫಾರಸಷ್ಟೇ. ಜೊತೆಯವರು ಹೆಸರು ಸೂಚಿಸಬೇಕು, ಕಮ್ಯೂನಿನ ಮುಖಂಡರು ಒಪ್ಪಬೇಕು, ಆಮೇಲೆ ಕಾಲೇಜು ನೋಡುತ್ತದೆ. ಹೀಗೆ ಸೇರಿದವರು ಸುಮಾರು 9.4 ಲಕ್ಷ. ಈ ಏರ್ಪಾಡನ್ನು ಪೂರ್ತಿ ತಳ್ಳಿಹಾಕಲು ನನಗೆ ಮನಸ್ಸು ಬಾರದು. ಅಂಕಗಳ ಪೈಪೋಟಿಯಲ್ಲಿ ಓದಿದ ಮನೆಯ ಮಕ್ಕಳೇ ಮುಂದೆ ಬರುತ್ತಾರೆ, ಬಡ ರೈತನ ಮಗ ಹಿಂದುಳಿಯುತ್ತಾನೆ ಎಂಬ ದೂರು ಸುಳ್ಳಾಗಿರಲಿಲ್ಲ. ಆದರೆ ಮದ್ದು ರೋಗಕ್ಕಿಂತ ಕೆಟ್ಟದಾಯಿತು. ಸೀಲು ಯಾರ ಕೈಯಲ್ಲಿತ್ತೋ ಸೀಟೂ ಅವರ ಕೈಯಲ್ಲೇ ಉಳಿಯಿತು. ಅಧಿಕಾರಿಗಳ ಮಕ್ಕಳು ಹಿಂಬಾಗಿಲಿನಿಂದ ಒಳಗೆ ಹೋದರು. ಅಪ್ಪನನ್ನು ಜಮೀನ್ದಾರ, ಶ್ರೀಮಂತ ರೈತ, ಪ್ರತಿಕ್ರಾಂತಿಕಾರಿ, ಬಲಪಂಥೀಯ ಎಂದು ದಾಖಲೆಯಲ್ಲಿ ಬರೆದಿದ್ದರೆ ಮಗನ ಹೆಸರನ್ನು ಸೂಚಿಸುವ ಧೈರ್ಯ ಯಾರಿಗೂ ಇರಲಿಲ್ಲ.

ನಡುವೆ ಒಮ್ಮೆ, 1973ರಲ್ಲಿ, ಶಿಫಾರಸಿನ ಜೊತೆಗೆ ಒಂದು ಲಿಖಿತ ಪರೀಕ್ಷೆಯನ್ನೂ ಸೇರಿಸುವ ಪ್ರಯತ್ನ ನಡೆಯಿತು. ಲಿಯಾವೊನಿಂಗ್ ಪ್ರಾಂತ್ಯದ ಜಾಂಗ್ ತಿಯೆಶೆಂಗ್ ಎಂಬ ತರುಣ ಭೌತ-ರಸಾಯನ ಶಾಸ್ತ್ರದಲ್ಲಿ ಪಡೆದದ್ದು 6 ಅಂಕ. ಆತ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಅಧಿಕಾರಿಗಳಿಗೊಂದು ಪತ್ರ ಬರೆದಿದ್ದ. ತಾನು ಹೊಲದ ಕೆಲಸದಲ್ಲಿ ಮುಳುಗಿದ್ದೆ, ಓದಲು ಬಿಡುವಿರಲಿಲ್ಲ, ಕೆಲಸ ತಪ್ಪಿಸಿ ಓದಿದವರು ಗೆಲ್ಲುವುದು ಸರಿಯಲ್ಲ ಎಂಬುದು ಅದರ ಸಾರ. ಪತ್ರಿಕೆಗಳು ಅದನ್ನು ಅಚ್ಚುಹಾಕಿದವು, ಆತ ರಾತ್ರೋರಾತ್ರಿ ವೀರನಾದ, ಕಾಲೇಜೂ ಸಿಕ್ಕಿತು. ಲಿಖಿತ ಪರೀಕ್ಷೆಯ ಮಾತು ಸದ್ಯಕ್ಕೆ ಅಲ್ಲಿಗೇ ನಿಂತಿತು.

1976ರ ಸೆಪ್ಟೆಂಬರ್‌ನಲ್ಲಿ ಮಾವೊ ತೀರಿಕೊಂಡರು. ಮರುವರ್ಷ ಜುಲೈನಲ್ಲಿ ಅಧಿಕಾರಕ್ಕೆ ಮರಳಿದ ಕಮ್ಯುನಿಸ್ಟ್ ಪಕ್ಷದ ನಾಯಕ ಡೆಂಗ್ ಷಿಯಾವೊಪಿಂಗ್ ವಿಜ್ಞಾನ ಮತ್ತು ಶಿಕ್ಷಣದ ಹೊಣೆಯನ್ನು ತಾವಾಗಿಯೇ ಕೇಳಿ ಪಡೆದರು. ಆಗಸ್ಟ್ 4ರಿಂದ ಬೀಜಿಂಗ್‌ನಲ್ಲಿ ಮೂವತ್ತಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರನ್ನು ಕೂರಿಸಿಕೊಂಡು ಅವರ ಮಾತು ಕೇಳಿದರು. ಮೊದಲೆರಡು ದಿನ ಮಾತುಗಳು ಅಳೆದು ಸುರಿದಂತಿದ್ದವು. ಆ ಕಾಲದಲ್ಲಿ ಬಾಯಿಬಿಟ್ಟವನು ನಾಳೆ ಎಲ್ಲಿರುತ್ತಾನೆಂದು ಯಾರಿಗೆ ಗೊತ್ತಿತ್ತು?

ಆಗಸ್ಟ್ 6ರಂದು ವುಹಾನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಜಾ ಚ್ವಾನ್‌ಶಿಂಗ್ ಮಾತಾಡಿದರು. ಆಗ ಅವರಿನ್ನೂ ಸಹ ಪ್ರಾಧ್ಯಾಪಕ. ಪ್ರವೇಶವೇ ಶಿಕ್ಷಣದ ಮೊದಲ ಗೇಟು. ಅಲ್ಲೇ ಕೆಟ್ಟರೆ ಒಳಗಿನದೆಲ್ಲ ಕೆಡುತ್ತದೆ ಎಂಬ ಅರ್ಥದಲ್ಲಿ ಅವರು ನೇರವಾಗಿ ಹೇಳಿದರು. ಈಗಿನ ಪದ್ಧತಿ ಪ್ರತಿಭೆಯನ್ನು ಹೂತುಹಾಕುತ್ತಿದೆ, ರೈತ ಕಾರ್ಮಿಕರ ಮಕ್ಕಳಿಗೂ ಅನ್ಯಾಯ ಮಾಡುತ್ತಿದೆ, ಹಿಂಬಾಗಿಲನ್ನು ಅಗಲ ಮಾಡಿದೆ, ಓದುವ ಆಸೆಯನ್ನೇ ಕೊಂದಿದೆ ಎಂದರು. ಡೆಂಗ್ ಶಿಕ್ಷಣ ಸಚಿವ ಲಿಯು ಶಿಯಾವೊ ಅವರತ್ತ ತಿರುಗಿ, ಈ ವರ್ಷವೇ ಬದಲಾಯಿಸಲು ಸಮಯವಿದೆಯೇ ಎಂದು ಕೇಳಿದರು. ಪ್ರವೇಶವನ್ನು ಅರ್ಧ ವರ್ಷ ಮುಂದಕ್ಕೆ ಹಾಕಿದರೆ ಆದೀತು ಎಂಬ ಉತ್ತರ ಬಂತು. ಹಾಗಾದರೆ ಈ ವರ್ಷವೇ ಆಗಲಿ ಎಂದು ಡೆಂಗ್ ತೀರ್ಮಾನಿಸಿಬಿಟ್ಟರು. ಆ ವರ್ಷವೂ ಶಿಫಾರಸನ್ನೇ ಮುಂದುವರಿಸಬೇಕೆಂದು ತೈಯುವಾನ್‌ನಲ್ಲಿ ನಡೆದ ಸಭೆ ಅಷ್ಟರಲ್ಲಾಗಲೇ ಗೊತ್ತುಮಾಡಿತ್ತು. ಅದೆಲ್ಲ ಬಿದ್ದುಹೋಯಿತು.

ಬಿದ್ದದ್ದು ಸಲೀಸಾಗಿಯಲ್ಲ. ಆಗಸ್ಟ್ 13ರಂದು ಕೂತ ಎರಡನೇ ಪ್ರವೇಶ ಸಭೆ 44 ದಿನ ಎಳೆಯಿತು. 1949ರ ನಂತರದ ಹದಿನೇಳು ವರ್ಷಗಳ ಶಿಕ್ಷಣವೇ ಬೂರ್ಜ್ವಾ ಎಂದು 1971ರ ಅಧಿಕೃತ ದಾಖಲೆಯೊಂದು ಷರಾ ಬರೆದಿತ್ತು, ಅದಕ್ಕೆ ಮಾವೊ ಒಪ್ಪಿಗೆಯೂ ಇತ್ತು. ಅದನ್ನು ದಾಟಲು ಅಧಿಕಾರಿಗಳು ಹೆದರಿದರು. ಸೆಪ್ಟೆಂಬರ್ 19ರಂದು ಡೆಂಗ್ ಶಿಕ್ಷಣ ಸಚಿವಾಲಯದ ಹಿರಿಯರನ್ನು ಕರೆಸಿ ಗದರಿದರು. ಅಭ್ಯರ್ಥಿಯ ಮನೆತನ, ರಾಜಕೀಯ ಹಿನ್ನೆಲೆಯನ್ನು ಜಾಲಾಡುವ ಉದ್ದದ ಷರತ್ತುಗಳನ್ನು ಬಹುಪಾಲು ಹೊಡೆದುಹಾಕಿದರು. ಇನ್ನು ನೋಡಬೇಕಾದ್ದು ಮುಖ್ಯವಾಗಿ ಅವನ ಸ್ವಂತ ನಡತೆ, ಅವನ ಅಂಕ. ಪರೀಕ್ಷೆ ಮರಳಿದ್ದಕ್ಕಿಂತ ಇದು ದೊಡ್ಡದೆಂದು ನಾನು ನಂಬುತ್ತೇನೆ. ಅಪ್ಪನ ಹೆಸರಿನ ಮುಂದಿನ ಷರಾ ಆ ಚಳಿಗಾಲದಲ್ಲಿ ಮೊದಲ ಸಲ ಮಗಳ ಹೆಸರಿನಿಂದ ಕಳಚಿತು.

ಪುಸ್ತಕಕ್ಕೆ ಪರದಾಟ ಶುರುವಾಯಿತು. ಅರವತ್ತರ ದಶಕದಲ್ಲಿ ಶಾಂಘೈನಲ್ಲಿ ಪ್ರಕಟವಾಗಿದ್ದ ಗಣಿತ, ಭೌತ, ರಸಾಯನಶಾಸ್ತ್ರಗಳ 17 ಸಂಪುಟಗಳ ಸ್ವಯಂಕಲಿಕೆ ಮಾಲೆ ಮರುಮುದ್ರಣವಾಗಿ, ಒಂದು ಸಂಪುಟಕ್ಕಾಗಿ ಜನ ಅಂಗಡಿ ಮುಂದೆ ಸಾಲು ನಿಂತರು. ಸಿಕ್ಕವರಿಂದ ಸಿಗದವರು ಕೈಬರಹದಲ್ಲಿ ನಕಲು ಮಾಡಿಕೊಂಡರು. ಹಗಲು ಹೊಲ, ರಾತ್ರಿ ಸೀಮೆಎಣ್ಣೆ ದೀಪ. ಪ್ರಶ್ನೆಪತ್ರಿಕೆ ಅಚ್ಚುಹಾಕಲು ಕಾಗದವೇ ಸಾಲಲಿಲ್ಲ. ಕೊನೆಗೆ ಮಾವೊ ಅವರ ಆಯ್ದ ಕೃತಿಗಳ ಐದನೇ ಸಂಪುಟಕ್ಕೆಂದು ಕಾದಿರಿಸಿದ್ದ ಕಾಗದವನ್ನು ಪರೀಕ್ಷೆಗೆ ಬಿಡಿಸಿಕೊಟ್ಟರು.

ಆ ವರ್ಷ ಒಂದೊಂದು ಪ್ರಾಂತ್ಯವೂ ತನ್ನದೇ ಪತ್ರಿಕೆ ತಯಾರಿಸಿ ನವೆಂಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಪರೀಕ್ಷೆ ನಡೆಸಿತು. ಬೀಜಿಂಗ್‌ನಲ್ಲಿ ಪ್ರಬಂಧದ ವಿಷಯ, ಹೋರಾಟದ ಈ ವರ್ಷದಲ್ಲಿ ನಾನು ಹೇಗಿದ್ದೆ ಎಂಬುದಾಗಿತ್ತು. ಮೇಷ್ಟ್ರು ಮತ್ತು ಶಿಷ್ಯ ಒಟ್ಟಿಗೇ ಪರೀಕ್ಷೆ ಬರೆದದ್ದುಂಟು, ಅಣ್ಣ ತಂಗಿ ಬರೆದದ್ದುಂಟು. ಕೂತವರು ಸುಮಾರು 57 ಲಕ್ಷ, ಸೀಟು ಸಿಕ್ಕಿದ್ದು 2.73 ಲಕ್ಷ ಮಂದಿಗೆ. ನೂರರಲ್ಲಿ ಐವರಿಗೂ ಇಲ್ಲ. ಗೆದ್ದವರಲ್ಲಿ ಆನ್‌ಹುಯಿ ಪ್ರಾಂತ್ಯದ ಫೆಂಗ್‌ಯಾಂಗ್‌ನಲ್ಲಿ ದುಡಿಯುತ್ತಿದ್ದ ಲಿ ಕೆಕಿಯಾಂಗ್ ಒಬ್ಬರು. ಪೀಕಿಂಗ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿದ ಅವರು ಮುಂದೆ ದೇಶದ ಪ್ರಧಾನಿಯಾದರು. ಕಮ್ಯುನಿಸ್ಟರ ಎದುರಾಳಿಯಾಗಿದ್ದ ಕೌಮಿಂಟಾಂಗ್ ಸೇನೆಯಲ್ಲಿದ್ದ ಅಪ್ಪನ ಮಗ, ಮುಂದೆ ಚಿತ್ರನಿರ್ದೇಶಕರಾದ ಜಾಂಗ್ ಯಿಮೊ ಆಗ ಶಿಯಾನ್‌ಯಾಂಗ್‌ನ ಬಟ್ಟೆ ಗಿರಣಿಯ ಕಾರ್ಮಿಕ. 1978ರಲ್ಲಿ ಬೀಜಿಂಗ್ ಫಿಲ್ಮ್ ಅಕಾಡೆಮಿಗೆ ಅರ್ಜಿ ಹಾಕಲು ಅವರಿಗೆ ವಯಸ್ಸು ಮೀರಿತ್ತು. ತಾವು ತೆಗೆದ ಫೋಟೊಗಳ ಜೊತೆ ಸಂಸ್ಕೃತಿ ಸಚಿವರಿಗೆ ಪತ್ರ ಬರೆದು ಸೀಟು ಪಡೆದರು. ಹಳೆಯ ಏರ್ಪಾಡು ಉಳಿದಿದ್ದರೆ ಅಂಥ ಮನೆಯ ಹುಡುಗನ ಪತ್ರವನ್ನು ಯಾರು ಒಡೆದು ನೋಡುತ್ತಿದ್ದರು?

ಆದರೆ ಉಳಿದ 54 ಲಕ್ಷ ಜನರನ್ನು ಮರೆತು ಈ ಕಥೆ ಹೇಳಬಾರದು. ಅವರಲ್ಲಿ ಬಹಳಷ್ಟು ಮಂದಿಗೆ ಶಾಲೆ ನಿಂತಾಗ ಹದಿಮೂರೋ ಹದಿನಾಲ್ಕೋ ವರ್ಷ. ಬೀಜಗಣಿತವನ್ನೇ ಕಲಿಯದವರ ಮುಂದೆ ಬೀಜಗಣಿತದ ಲೆಕ್ಕ ಇಟ್ಟದ್ದನ್ನು ಪೂರ್ತಿ ನ್ಯಾಯ ಎನ್ನಲಾಗದು. 1978ರ ಬೇಸಿಗೆಯಲ್ಲಿ ಮತ್ತೆ 61 ಲಕ್ಷ ಮಂದಿ ಬರೆದರು, ಸುಮಾರು ನಾಲ್ಕು ಲಕ್ಷ ಮಂದಿಗೆ ಸೀಟು ಸಿಕ್ಕಿತು. ವಯಸ್ಸು ಮೀರಿದವರಿಗೆ ಬಾಗಿಲು ಮುಚ್ಚಿತು.

2024ರಲ್ಲಿ ಗಾವೊಕಾವೊಗೆ ಹೆಸರು ಕೊಟ್ಟವರು 1.34 ಕೋಟಿ. ಈಗ ಅಪ್ಪನ ವರ್ಗವನ್ನು ಯಾರೂ ಕೇಳುವುದಿಲ್ಲ, ಅಪ್ಪನ ಊರನ್ನು ಕೇಳುತ್ತಾರೆ. 1958ರಿಂದ ನಡೆದುಬಂದಿರುವ ‘ಹುಕೊ’ ಎಂಬ ವಾಸಸ್ಥಳ ನೋಂದಣಿ ಎಲ್ಲಿದೆಯೋ ಪರೀಕ್ಷೆ ಸಾಮಾನ್ಯವಾಗಿ ಅಲ್ಲೇ. ಸೀಟುಗಳನ್ನು ಹಂಚುವುದೂ ಪ್ರಾಂತ್ಯವಾರು ಲೆಕ್ಕದಲ್ಲಿ. ಬೀಜಿಂಗ್‌ನ ಒಳ್ಳೆಯ ವಿಶ್ವವಿದ್ಯಾಲಯಗಳಲ್ಲಿ ಬೀಜಿಂಗ್‌ನ ಮಕ್ಕಳಿಗೆ ಸಿಗುವ ಪಾಲು ಹೆನಾನ್‌ನಂಥ ಜನದಟ್ಟಣೆಯ ಪ್ರಾಂತ್ಯದ ಮಕ್ಕಳಿಗೆ ಸಿಗುವುದಿಲ್ಲ. ರಾಜಧಾನಿಯಲ್ಲಿ ಕಟ್ಟಡ ಕಟ್ಟುವ ಹೆನಾನ್‌ನ ಕೂಲಿಕಾರನ ಮಗಳು ಅಲ್ಲೇ ಹುಟ್ಟಿ ಬೆಳೆದಿದ್ದರೂ, ಪದವಿ ಪ್ರವೇಶದ ಈ ಪರೀಕ್ಷೆ ಬರೆಯಲು ತಾನು ಕಾಣದ ಊರಿಗೆ, ಬೇರೆ ಪಠ್ಯಕ್ಕೆ, ಹೆಚ್ಚಿನ ಪೈಪೋಟಿಗೆ ಮರಳಬೇಕು. 1977ರಲ್ಲಿ ಜಾ ಚ್ವಾನ್‌ಶಿಂಗ್ ಹೇಳಿದ ಆ ಮೊದಲ ಗೇಟಿನಲ್ಲೇ ಆಕೆಯನ್ನು ಇನ್ನೂ ತಡೆದು ನಿಲ್ಲಿಸಲಾಗುತ್ತಿದೆ.