ಬಾಣಂತಿಯ ಬಿಳಿ ಅನ್ನ, ಕೂಸಿನ ಹೃದಯ

ನಿಮ್ಮ ಮನೆಯಲ್ಲಿ ಬಾಣಂತಿಗೆ ಏನು ಬಡಿಸುತ್ತೀರಿ? ಬಿಳಿ ಅನ್ನ, ಮೆಣಸಿನ ಸಾರು, ತುಪ್ಪ, ಒಂದಿಷ್ಟು ಬೆಳ್ಳುಳ್ಳಿ. ಬೇಳೆ ವಾಯು, ಸೊಪ್ಪು ಶೀತ, ಹಣ್ಣು ತಿಂದರೆ ಕೂಸಿಗೆ ನೆಗಡಿ ಎಂದು ದೂರವಿಡುವ ಮನೆಗಳು ಇಂದಿಗೂ ಇವೆ. ಈ ಪಥ್ಯ ಎದೆಹಾಲು ಕುಡಿಯುವ ಕೂಸಿನ ಹೃದಯಕ್ಕೇ ಕುತ್ತು ತರಬಲ್ಲದು ಎಂದರೆ ನೀವು ನಂಬಲಿಕ್ಕಿಲ್ಲ.

ತಿಂದ ಅನ್ನ ಗ್ಲೂಕೋಸ್ ಆಗಿ, ಜೀವಕೋಶದೊಳಗೆ ಪೈರುವೇಟ್ ಎಂಬ ವಸ್ತುವಾಗಿ ಒಡೆಯುತ್ತದೆ. ಮುಂದೆ ಅದು ಜೀವಕೋಶದ ಒಲೆಯಾದ ಮೈಟೋಕಾಂಡ್ರಿಯದಲ್ಲಿ ಉರಿಯಬೇಕು. ಅಲ್ಲಿ ಅದನ್ನು ಉರಿಯಲು ಸಿದ್ಧಗೊಳಿಸುವುದು ಪೈರುವೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವ. ಹೆಸರು ಬಾಯಿಗೆ ಹೊರೆಯಾದರೂ ನೆನಪಿಡಬೇಕಾದ್ದು ಇಷ್ಟೇ: ಥಯಮಿನ್, ಅಂದರೆ ಬಿ1 ಜೀವಸತ್ವ ಜೊತೆಗಿಲ್ಲದೆ ಈ ಕಿಣ್ವ ಕೆಲಸ ಮಾಡದು. ಆಗ ಪೈರುವೇಟ್ ಲ್ಯಾಕ್ಟಿಕ್ ಆಮ್ಲವಾಗಿ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಬಿಡುವಿಲ್ಲದೆ ದುಡಿಯುವ ಹೃದಯಕ್ಕೆ, ನರಗಳಿಗೆ ಶಕ್ತಿಯ ಬರ. ಇದೇ ಬೆರಿಬೆರಿ ರೋಗ. ವಿಪರೀತ ಮದ್ಯಪಾನಿಗಳಲ್ಲೂ ಇದೇ ಕೊರತೆ ಕಾಣುತ್ತದೆ.

ಅಕ್ಕಿಯ ಥಯಮಿನ್ ಹೆಚ್ಚಾಗಿ ಇರುವುದು ತೌಡಿನಲ್ಲಿ. ಗಿರಣಿಯಲ್ಲಿ ಪಾಲಿಶ್ ಮಾಡಿದಾಗ ಅದು ಹೋಯಿತು. ಉಳಿದದ್ದರಲ್ಲಿ ಅಕ್ಕಿ ತೊಳೆದ ನೀರಿಗೆ ಒಂದು ಪಾಲು, ಬಸಿದು ಚೆಲ್ಲಿದ ಗಂಜಿಗೆ ಇನ್ನೊಂದು ಪಾಲು! ಕರಾವಳಿಯ ಕುಚ್ಚಲಕ್ಕಿ ಈ ವಿಷಯದಲ್ಲಿ ಜಾಣ. ಭತ್ತವನ್ನು ಬೇಯಿಸುವಾಗಲೇ ಜೀವಸತ್ವ ಕಾಳಿನೊಳಕ್ಕೆ ಇಳಿದಿರುತ್ತದೆ. ದೇಹದಲ್ಲಿರುವ ಥಯಮಿನ್ ದಾಸ್ತಾನು ಎರಡು-ಮೂರು ವಾರಕ್ಕಷ್ಟೇ ಸಾಕು. ತಾಯಿಯಲ್ಲಿ ಅದು ಮುಗಿದರೆ ಹಾಲಿನಲ್ಲೂ ಕಡಿಮೆಯಾಗುತ್ತದೆ.

ಹಳೆಯ ಕಾಲದ ರೋಗವೆಂದು ತಳ್ಳಿಹಾಕಬೇಡಿ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಇಂಥ 200ಕ್ಕೂ ಹೆಚ್ಚು ಶಿಶುಗಳ ಬಗ್ಗೆ ವರದಿ ಪ್ರಕಟಿಸಿದರು. ಎದೆಹಾಲನ್ನೇ ಕುಡಿಯುತ್ತಿದ್ದ ಈ ಕೂಸುಗಳಲ್ಲಿ ಶ್ವಾಸಕೋಶದ ರಕ್ತನಾಳಗಳ ಒತ್ತಡ ಏರಿ ಹೃದಯದ ಬಲಭಾಗ ಸೋತಿತ್ತು. ತಾಯಂದಿರ ಮುಖ್ಯ ಆಹಾರ ಪಾಲಿಶ್ ಅಕ್ಕಿ. ಥಯಮಿನ್ ಕೊಟ್ಟ ಮೇಲೆ ಬಹುಪಾಲು ಮಕ್ಕಳು ಚೇತರಿಸಿಕೊಂಡವು.

ಮೂರು ತಿಂಗಳ ಆಸುಪಾಸಿನ ಕೂಸು ಹಾಲು ಒಲ್ಲದೆ, ಸಮಾಧಾನವಿಲ್ಲದೆ ಅತ್ತು, ದನಿ ಒಡೆದು, ವಾಂತಿ ಮಾಡಿ, ಏದುಸಿರು ಬಿಡುತ್ತಿದ್ದರೆ ದೃಷ್ಟಿ ತೆಗೆಯುತ್ತ ಕೂರಬೇಡಿ. ಆಗಲೇ ಆಸ್ಪತ್ರೆಗೆ ಒಯ್ಯಿರಿ. ತಾಯಿಯ ಪಥ್ಯವನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ. ಶಂಕೆ ಬಂದರೆ ರಕ್ತಪರೀಕ್ಷೆಯ ವರದಿಗೆ ಕಾಯದೆ ಅವರು ಥಯಮಿನ್ ಚುಚ್ಚುಮದ್ದು ಕೊಡುತ್ತಾರೆ. ಗಂಟೆಗಳಲ್ಲೇ ಉಸಿರು ಹದಕ್ಕೆ ಬರುವುದುಂಟು. ಎದೆಹಾಲು ಬಿಡಿಸಬೇಕಿಲ್ಲ. ತಾಯಿಗೂ ಥಯಮಿನ್ ಮಾತ್ರೆ, ತಟ್ಟೆಯಲ್ಲಿ ಬೇಳೆ, ಮೊಳಕೆಕಾಳು, ರಾಗಿ, ಕಡಲೆಕಾಯಿ ಇರಲಿ. ಮೆಣಸಿನ ಸಾರಿಗೆ ಅಡ್ಡಿಯೇನಿಲ್ಲ.