ಆರಿಸಲೊಲ್ಲದ ವಿದ್ಯುತ್ತು

ವಿಜಯನಗರದ ಮೆಟ್ರೋ ನಿಲ್ದಾಣದಲ್ಲಿ ನಿಂತು ಕೆಳಗೆ ನೋಡಿದರೆ, ಗಾಡಿ ಉರುಳುವ ಎರಡು ಹಳಿಗಳ ಪಕ್ಕದಲ್ಲಿ ಮುಚ್ಚಿಗೆ ಹೊದ್ದ ಮೂರನೆಯದೊಂದು ಕಾಣುತ್ತದೆ. ೨೦೨೧ರಲ್ಲಿ ಕೆಂಗೇರಿಯವರೆಗೆ ಬೆಳೆದ ಈ ಮಾರ್ಗದ ಗಾಡಿಗಳೆಲ್ಲ ವಿದ್ಯುಚ್ಛಕ್ತಿಯನ್ನು ಪಡೆಯುವುದು ಅದರಿಂದಲೇ. ಅದರಲ್ಲಿರುವುದು ೭೫೦ ವೋಲ್ಟಿನ ಏಕಮುಖ ಪ್ರವಾಹ. ಜನರ ಮಾತಿನಲ್ಲಿ ಡಿ.ಸಿ. ನಮ್ಮ ಮನೆಗಳಿಗೆ ಕಂಬದಿಂದ ಬರುವುದಾದರೋ ಪರ್ಯಾಯ ಪ್ರವಾಹ, ಎಂದರೆ ಎ.ಸಿ. ದೀಪ ಹೊತ್ತಿಸುವಾಗ ಎರಡಕ್ಕೂ ಹೆಚ್ಚು ಭೇದವಿಲ್ಲ. ಭೇದ ತಿಳಿಯುವುದು ಆರಿಸಲು ಹೊರಟಾಗ.

ಪ್ರವಾಹ ಹರಿಯುತ್ತಿರುವಾಗ ಸ್ವಿಚ್ಚಿನ ತುದಿಗಳನ್ನು ಬೇರ್ಪಡಿಸಿದರೆ ನಡುವಣ ಗಾಳಿ ಕಾದು, ಅದರ ಅಣುಗಳು ಎಲೆಕ್ಟ್ರಾನುಗಳನ್ನು ಕಳೆದುಕೊಂಡು, ಗಾಳಿಯೇ ವಾಹಕವಾಗುತ್ತದೆ. ಹೀಗೆ ಏಳುವ ಬೆಂಕಿಯ ಸೇತುವೆಗೆ ಚಾಪವೆಂದು ಹೆಸರು. ಪರ್ಯಾಯ ಪ್ರವಾಹವು ಸೆಕೆಂಡಿಗೆ ೫೦ ಆವರ್ತಗಳಂತೆ ತೂಗುವಾಗ ೧೦೦ ಬಾರಿ ಸೊನ್ನೆಗೆ ಇಳಿಯುತ್ತದೆ. ಅಂತಹ ಕ್ಷಣದಲ್ಲಿ ಚಾಪ ತಾನಾಗಿ ನಂದುತ್ತದೆ. ಉಯ್ಯಾಲೆಯು ತುದಿ ಮುಟ್ಟಿ ಅರೆಕ್ಷಣ ನಿಂತಾಗ ಅದನ್ನು ಹಿಡಿಯುವುದು ಸುಲಭವಷ್ಟೆ? ಏಕಮುಖ ಪ್ರವಾಹಕ್ಕೆ ಅಂತಹ ಬಿಡುವಿಲ್ಲ. ಇಳಿಜಾರಿನಲ್ಲಿ ಓಡುವ ಬಂಡಿಯಂತೆ ಅದನ್ನು ಅಡ್ಡಗಟ್ಟಿಯೇ ನಿಲ್ಲಿಸಬೇಕು.

ಇಂತಹ ರೈಲುಗಳ ಉಪಕೇಂದ್ರಗಳಲ್ಲಿ ಇದಕ್ಕೆಂದೇ ವಿಶೇಷ ಸರ್ಕ್ಯೂಟ್ ಬ್ರೇಕರುಗಳುಂಟು. ಅವುಗಳಲ್ಲಿ ಕಾಂತಕ್ಷೇತ್ರವು ಚಾಪವನ್ನು ತಗಡುಗಳ ಗೂಡೊಂದಕ್ಕೆ ನೂಕುತ್ತದೆ. ಅಲ್ಲಿ ಅದು ಹಿಗ್ಗಿ, ತುಂಡುತುಂಡಾಗಿ, ತಣಿದು, ಬದುಕಿರಲು ೭೫೦ ವೋಲ್ಟಿಗಿಂತ ಹೆಚ್ಚು ಬೇಡತೊಡಗುತ್ತದೆ; ಅಷ್ಟು ಸಿಗದೆ ನಂದುತ್ತದೆ. ಆದರೆ ಅಪಾಯವೊದಗಿದುದು ಬ್ರೇಕರಿಗೆ ತಿಳಿಯುವ ಬಗೆ ಹೇಗೆ? ಗಾಡಿ ಹೊರಡುವಾಗಲೂ ಸಾವಿರಾರು ಆಂಪೇರುಗಳನ್ನು ಎಳೆಯುತ್ತದೆ. ದೂರದಲ್ಲಾದ ಷಾರ್ಟ್ ಸರ್ಕ್ಯೂಟಿನ ಪ್ರವಾಹವು ನಡುವಣ ಹಳಿಯ ರೋಧದಿಂದ ಕುಗ್ಗಿ ಅಷ್ಟೇ ಆಗಿ ತೋರಬಹುದು. ಆದುದರಿಂದ ಪ್ರವಾಹ ಎಷ್ಟೆಂಬುದರ ಜೊತೆಗೆ, ಅದು ಎಷ್ಟು ಬೇಗ ಏರಿತೆಂಬುದನ್ನೂ ಅಳೆಯುತ್ತಾರೆ.

ಇದು ರೈಲಿನವರ ಪಾಡೆಂದು ವಾಚಕರು ಪುಟ ಮಗುಚದಿರಲಿ. ರಾಜಾಜಿನಗರ, ಬಸವೇಶ್ವರನಗರಗಳ ತಾರಸಿಗಳ ಮೇಲೆ ಇಂದು ಕಾಣುವ ಸೌರಫಲಕಗಳು ಹುಟ್ಟಿಸುವುದೂ ಡಿ.ಸಿ.ಯನ್ನೇ. ಬ್ಯಾಟರಿ ಕೊಡುವುದೂ ಎಲ್.ಇ.ಡಿ. ದೀಪ ಬೇಡುವುದೂ ಅದನ್ನೇ. ಇವನ್ನು ಎ.ಸಿ.ಯ ಹಂಗಿಲ್ಲದೆ ಜೋಡಿಸಿದರೆ ಪುಟ್ಟದೊಂದು ಡಿ.ಸಿ. ಜಾಲವಾಯಿತು. ಅದರ ಆಡಳಿತ ಬಹುಮಟ್ಟಿಗೆ ಸರಳ: ಹೊರೆ ಹೆಚ್ಚಿದರೆ ವೋಲ್ಟೇಜು ಕೊಂಚ ಇಳಿಯುತ್ತದೆ, ಅದನ್ನು ಕಂಡು ಬ್ಯಾಟರಿಯ ನಿಯಂತ್ರಕವು ಹೆಚ್ಚು ನೀಡುತ್ತದೆ. ರಕ್ಷಣೆಯೇ ತೊಡಕು. ಬ್ಯಾಟರಿಯ ತಂತಿಗಳು ಕೂಡಿಕೊಂಡರೆ ಪ್ರವಾಹ ನುಗ್ಗಿ ಫ್ಯೂಸು ಕರಗುತ್ತದೆ. ಸೌರಫಲಕವೋ, ತಂತಿಗಳು ಕೂಡಿಕೊಂಡರೂ ತನ್ನ ನಿತ್ಯದ ಪ್ರವಾಹಕ್ಕಿಂತ ಸುಮಾರು ಶೇಕಡಾ ೫ರಿಂದ ೧೦ರಷ್ಟು ಮಾತ್ರ ಹೆಚ್ಚು ಕೊಡುತ್ತದೆ! ಫ್ಯೂಸಿಗೆ ಎಚ್ಚರವೇ ಆಗದು.

ನಮ್ಮ ಬಂಧುಗಳೊಬ್ಬರ ತಾರಸಿಯಲ್ಲಿ, ಎಂಟು ಫಲಕಗಳ ಸಾಲಿಗೆ ಯಾರೋ ಎ.ಸಿ.ಗೆಂದು ಮಾಡಿದ ಎಂ.ಸಿ.ಬಿ.ಯನ್ನು ಹಾಕಿದ್ದರು. ನಡುಹಗಲಿನಲ್ಲಿ ಅದನ್ನು ಆರಿಸಿದೆವು. ಹಿಡಿ ಕೆಳಗಿಳಿಯಿತು, ಒಳಗಿನ ಸುಯ್ಯೆಂಬ ಸದ್ದು ನಿಲ್ಲಲಿಲ್ಲ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಸೂರ್ಯನನ್ನು ಆರಿಸಲಾದೀತೆ? ಜಮಖಾನಗಳನ್ನು ತಂದು ಫಲಕಗಳ ಮೇಲೆ ಹೊದಿಸಿದ ಮೇಲೆಯೇ ಚಾಪ ನಂದಿದ್ದು.

ಎಂ.ಸಿ.ಬಿ. ಕೊಳ್ಳುವಾಗ ಅದರ ಮೈಮೇಲಿನ ಗುರುತನ್ನು ನೋಡಬೇಕು. ಅಲೆಯಂತಹ ಗೆರೆ ಎ.ಸಿ.ಗೆ, ನೇರಗೆರೆಯ ಕೆಳಗೆ ತುಂಡುಗೆರೆಗಳಿದ್ದರೆ ಅದು ಡಿ.ಸಿ.ಗೆ. ಫಲಕಗಳ ಸಾಲಿನ ಪೂರ್ಣ ವೋಲ್ಟೇಜನ್ನು ಅದು ತಾಳಬೇಕು. ಕೆಲವುಗಳ ಮೇಲೆ ಧನ, ಋಣ ಚಿಹ್ನೆಗಳೂ ಇರುತ್ತವೆ. ಅಂತಹುದನ್ನು ತಿರುಗುಮುರುಗಾಗಿ ಜೋಡಿಸಿದರೆ, ಒಳಗಿನ ಆಯಸ್ಕಾಂತವು ಚಾಪವನ್ನು ಗೂಡಿನೊಳಕ್ಕೆ ತಳ್ಳುವ ಬದಲು ಆಚೆಗೆ ತಳ್ಳುತ್ತದೆ.