ಶೇಂಗಾ ಕಾಳಿನೊಳಗಿನ ನೇಯ್ಗೆ

ಇಳಕಲ್ ಸೀರೆ ಕೊಳ್ಳಲು ಬಂದವರು ಅಂಚು ನೋಡುತ್ತಾರೆ, ಸೆರಗು ನೋಡುತ್ತಾರೆ, ಆಮೇಲೆ ರೇಟು ಕೇಳುತ್ತಾರೆ. ನೇಯುವ ಮನೆಯವರ ಕಣ್ಣು ಮೊದಲು ಹೋಗುವುದು ಒಡಲು ಮುಗಿದು ಸೆರಗು ಶುರುವಾಗುವ ಗೆರೆಗೆ. ಒಡಲಿನ ಹಾಸು ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸುವ ಕೆಲಸಕ್ಕೆ ಕೊಂಡಿ ಎನ್ನುತ್ತಾರೆ. ಸೀರೆಯ ಆಯುಷ್ಯ ಇರುವುದು ಆ ಕೊಂಡಿಯಲ್ಲಿ. ನೂಲು ಯಾವುದು, ಬಣ್ಣ ಯಾವುದು ಎಂದು ಬರೆದಿಟ್ಟ ಪಟ್ಟಿ ಓದಿದರೆ ಅದು ತಿಳಿಯುವುದಿಲ್ಲ. ಬಟ್ಟೆ ಕೈಗೆತ್ತಿಕೊಂಡು ಯಾವ ಎಳೆ ಯಾವುದರ ಮೇಲೆ, ಯಾವುದರ ಕೆಳಗೆ ಹೋಗಿದೆ ಎಂದು ನೋಡಬೇಕು.

ಜೀವಿಗಳ ಮೈಯಲ್ಲಿರುವ ಪ್ರೋಟೀನಿನ ಕಥೆಯೂ ಹೀಗೇ. ಅಮೈನೋ ಆಮ್ಲ ಎಂಬ ಇಪ್ಪತ್ತು ಬಗೆಯ ಮಣಿಗಳನ್ನು ಒಂದು ದಾರಕ್ಕೆ ಪೋಣಿಸಿದರೆ ಪ್ರೋಟೀನು. ಮಣಿಗಳ ಸಾಲು ಗೊತ್ತಾದರೆ ಸಾಲದು. ಆ ಸರ ಹೇಗೆ ಮಡಚಿಕೊಂಡಿದೆ, ಎಲ್ಲಿ ಗುಳಿ, ಎಲ್ಲಿ ಉಬ್ಬು ಎಂಬುದರ ಮೇಲೆ ಅದರ ಕೆಲಸ ನಿಂತಿದೆ. ಸೆರಗಿನ ರೇಷ್ಮೆಯೂ ಒಂದು ಪ್ರೋಟೀನೇ, ಹೆಸರು ಫೈಬ್ರೋಯಿನ್. ಗ್ಲೈಸಿನ್, ಅಲನಿನ್, ಸೆರಿನ್ ಎಂಬ ಸಣ್ಣ ಮಣಿಗಳೇ ಅದರಲ್ಲಿ ಮತ್ತೆ ಮತ್ತೆ ಬರುತ್ತವೆ. ಮಣಿ ಸಣ್ಣವಾದ್ದರಿಂದ ಸರಗಳು ಒಂದಕ್ಕೊಂದು ಒತ್ತಿ ಮಲಗಿ ಹಾಳೆಯಾಗುತ್ತವೆ, ಹಾಳೆಯ ಮೇಲೆ ಹಾಳೆ ಕೂರುತ್ತದೆ. ರೇಷ್ಮೆ ಎಳೆ ಎಳೆದರೂ ಅಷ್ಟು ಸುಲಭಕ್ಕೆ ಹರಿಯದಿರುವುದು ಇದರಿಂದ. ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ಈ ಜೋಡಣೆಯನ್ನು 1955ರಲ್ಲಿ ತೋರಿಸಿಕೊಟ್ಟರು. ಬಣ್ಣಕ್ಕೆ ಮುಂಚೆ ರೇಷ್ಮೆಯನ್ನು ಸೋಪಿನ ನೀರಲ್ಲಿ ಕುದಿಸಿ ಬಿಡಿಸುವ ಅಂಟು ಇದೆಯಲ್ಲ, ಅದೂ ಪ್ರೋಟೀನು. ಅದರ ಮಡಿಕೆ ಬೇರೆ, ಗುಣ ಬೇರೆ.

ಇದನ್ನೆಲ್ಲ ಕಣ್ಣಿಂದ ನೋಡುವ ಹಾಗಿಲ್ಲ. ಒಂದು ಮಿಲಿಮೀಟರನ್ನು ಒಂದು ಕೋಟಿ ಪಾಲು ಮಾಡಿದರೆ ಒಂದು ಪಾಲಿಗೆ ಆಂಗ್‌ಸ್ಟ್ರಾಂ ಎಂದು ಹೆಸರು. ಅಣುವಿನೊಳಗೆ ಪರಮಾಣುಗಳ ನಡುವಿನ ದೂರ ಒಂದೋ ಒಂದೂವರೆಯೋ ಆಂಗ್‌ಸ್ಟ್ರಾಂ. ನಾವು ನೋಡುವ ಬೆಳಕಿನ ಅಲೆಯ ಉದ್ದವೇ ನಾಲ್ಕು ಸಾವಿರ ಆಂಗ್‌ಸ್ಟ್ರಾಂ ಮೇಲೆ. ಗೋಣಿ ಹೊಲಿಯುವ ದಬ್ಬಣದಲ್ಲಿ ಕಸೂತಿ ಹಾಕಲಾದೀತೇ? ಅದಕ್ಕೇ ಎಕ್ಸ್-ರೇ ಬೇಕಾಯಿತು.

ಹುನಗುಂದ ತಾಲ್ಲೂಕಿನ ಐಹೊಳೆಯಲ್ಲಿ ಲಾಡಖಾನ್ ಗುಡಿಯೊಳಗೆ ನಿಂತವರು ಕಲ್ಲಿನ ಜಾಲಂಧ್ರಗಳನ್ನು ಕಂಡಿರುತ್ತಾರೆ. ಅದರ ತೂತಿನಿಂದ ಬಿಸಿಲು ಒಳಗೆ ಬಿದ್ದಾಗ ನೆಲದ ಮೇಲೆ ಬೆಳಕಿನ ಚಿತ್ತಾರ ಮೂಡುತ್ತದೆ. ಕಿಟಕಿ ನೋಡದೆ, ನೆಲದ ಚಿತ್ತಾರವನ್ನಷ್ಟೇ ನೋಡಿ ಕಿಟಕಿಯ ಕೆತ್ತನೆ ಹೇಳಬಲ್ಲಿರಾ? ಪ್ರೋಟೀನಿನ ಹರಳಿಗೆ ಎಕ್ಸ್-ರೇ ಹಾಯಿಸುವವರು ಮಾಡುವ ಕೆಲಸ ಸುಮಾರಾಗಿ ಇದು. ಸುಮಾರಾಗಿ ಎಂದೆ, ಏಕೆಂದರೆ ಅವರಿಗೆ ಸಿಗುವುದು ನೆರಳಲ್ಲ, ಸಾವಿರಾರು ಚುಕ್ಕಿ. ಯಾವ ಚುಕ್ಕಿ ಎಷ್ಟು ಕಪ್ಪು ಎಂದು ಅಳೆಯಬಹುದು. ಅಲೆಗಳು ಒಂದಕ್ಕೊಂದು ಎಷ್ಟು ಹಿಂದೆ ಮುಂದೆ ಬಂದವು ಎಂಬ ಅರ್ಧ ಸುದ್ದಿ ಮಾತ್ರ ದಾರಿಯಲ್ಲೇ ಕಳೆದುಹೋಗಿರುತ್ತದೆ. ಅದನ್ನು ಮರಳಿ ಪಡೆಯಲು ಹರಳಿನೊಳಗೆ ಪಾದರಸದಂಥ ಭಾರದ ಪರಮಾಣುಗಳನ್ನು ಇಳಿಸಿ, ಚುಕ್ಕಿಗಳು ಎಷ್ಟು ಬದಲಾದವು ಎಂದು ಲೆಕ್ಕ ಹಾಕುವುದು ಒಂದು ಹಳೆಯ ಉಪಾಯ.

ಅದಕ್ಕೂ ಮೊದಲು ಹರಳು ಬೇಕಲ್ಲ! ಕಲ್ಲುಸಕ್ಕರೆಯಂತೆ ಪ್ರೋಟೀನೂ ಹರಳುಗಟ್ಟುತ್ತದೆ, ಆದರೆ ಭಾರಿ ಬಿಂಕದಿಂದ. ಶುದ್ಧ ಮಾಡಿದ ಪ್ರೋಟೀನಿನ ಒಂದು ಹನಿಯನ್ನು ಗಾಜಿನ ಕೆಳಗೆ ತೂಗುಬಿಟ್ಟು, ಅಡಿಯಲ್ಲಿ ಉಪ್ಪಿನ ದ್ರಾವಣ ಇಟ್ಟು ಮುಚ್ಚುತ್ತಾರೆ. ಹನಿಯ ನೀರು ನಿಧಾನ ಆರಬೇಕು. ಅವಸರವಾದರೆ ಹರಳಿನ ಬದಲು ಗಸಿ. ಉಪ್ಪು, ಹುಳಿ, ತಂಪು ಬದಲಿಸುತ್ತ ನೂರಾರು ಹನಿ ಇಟ್ಟು ಕಾಯಬೇಕು. ವಿಜ್ಞಾನ ಎಂದರೆ ಬರೀ ಲೆಕ್ಕ ಎಂದುಕೊಂಡವರು ಇದನ್ನೊಮ್ಮೆ ನೋಡಬೇಕು. ಇದು ಕೈಗುಣದ ಕಸುಬು.

ನಮ್ಮ ನಾಡಿನಲ್ಲಿ ಈ ಕಸುಬಿನ ದೊಡ್ಡ ಮನೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್. ಕಟ್ಟಿದವರು ಜಿ.ಎನ್. ರಾಮಚಂದ್ರನ್, 1971ರಲ್ಲಿ. ಇದೇ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಶಿಷ್ಯರಾಗಿದ್ದವರು. ಮದರಾಸಿನಲ್ಲಿದ್ದಾಗ ಗೋಪಿನಾಥ್ ಕರ್ತಾ ಜೊತೆ ಚರ್ಮ, ಸ್ನಾಯುರಜ್ಜುಗಳ ಕೊಲಾಜನ್ ಪ್ರೋಟೀನು ಮೂರೆಳೆ ಹುರಿಯ ಹಗ್ಗ ಎಂದು ತೋರಿಸಿದ್ದರು. 1963ರಲ್ಲಿ ಇನ್ನಿಬ್ಬರೊಂದಿಗೆ ಪ್ರಕಟಿಸಿದ ನಕ್ಷೆ, ಪ್ರೋಟೀನ್ ಸರದ ಪ್ರತಿ ಕೀಲು ಎಷ್ಟು ತಿರುಗಬಹುದು, ಎಲ್ಲಿ ತಿರುಗಲಾರದು ಎಂದು ಹೇಳುತ್ತದೆ. ಇವತ್ತಿಗೂ ಜಗತ್ತಿನ ಯಾವ ಲ್ಯಾಬಿನಲ್ಲಿ ಹೊಸ ರಚನೆ ಬಿಡಿಸಿದರೂ ಅದು ಸರಿಯೋ ತಪ್ಪೋ ಎಂದು ಈ ರಾಮಚಂದ್ರನ್ ನಕ್ಷೆಗೆ ಹಚ್ಚಿ ನೋಡುತ್ತಾರೆ.

ಅದೇ 1971ರಲ್ಲಿ ಎಂ. ವಿಜಯನ್ ಸಂಸ್ಥೆಗೆ ಮರಳಿದರು. ಆಕ್ಸ್‌ಫರ್ಡಿನಲ್ಲಿ ಡೊರೊಥಿ ಹಾಡ್ಕಿನ್ ಅವರ ಗುಂಪಿನಲ್ಲಿ ಇನ್ಸುಲಿನ್ ರಚನೆ ಬಿಡಿಸುವ ಕೆಲಸ ಮಾಡಿ ಬಂದಿದ್ದರು. ಇಲ್ಲಿ ಅವರು ಕೈಹಾಕಿದ್ದು ಯಾವುದಕ್ಕೆ? ನಮ್ಮ ಶೇಂಗಾಕ್ಕೆ. ಹಸಿ ಶೇಂಗಾ ಕಾಳಿನಲ್ಲಿ ಲೆಕ್ಟಿನ್ ಎಂಬ ಪ್ರೋಟೀನು ಇದೆ. ಸಕ್ಕರೆ ಜಾತಿಯ ಅಣುಗಳನ್ನು ಆಯ್ದು ಹಿಡಿಯುವುದು ಅದರ ಸ್ವಭಾವ. ಮನುಷ್ಯನ ಜೀವಕೋಶದ ಮೇಲೆ ಟಿ-ಆಂಟಿಜೆನ್ ಎಂಬ ಸಕ್ಕರೆಯ ಗುರುತು ಇರುತ್ತದೆ. ಆರೋಗ್ಯವಂತ ಕೋಶದಲ್ಲಿ ಅದರ ಮೇಲೆ ಇನ್ನೊಂದು ಸಕ್ಕರೆಯ ಮುಸುಕು. ಅನೇಕ ಬಗೆಯ ಕ್ಯಾನ್ಸರ್ ಕೋಶಗಳಲ್ಲಿ ಮುಸುಕು ಸರಿದು ಗುರುತು ಬಯಲಾಗಿರುತ್ತದೆ. ಶೇಂಗಾ ಲೆಕ್ಟಿನ್ ಹೋಗಿ ಹಿಡಿಯುವುದು ಅದನ್ನೇ. (ಹಾಗೆಂದು ಶೇಂಗಾ ತಿಂದರೆ ಕ್ಯಾನ್ಸರ್ ವಾಸಿ ಎಂದು ವಾಟ್ಸ್‌ಆಪ್‌ನಲ್ಲಿ ಹರಿಬಿಡಬೇಡಿ, ಇದು ಲ್ಯಾಬಿನ ಗಾಜಿನೊಳಗಿನ ಮಾತು.)

ಹರಳು ಸಿಕ್ಕ ಸುದ್ದಿ ಪ್ರಕಟವಾದದ್ದು 1982ರಲ್ಲಿ. ರಚನೆ ಪ್ರಕಟವಾದದ್ದು 1994ರಲ್ಲಿ. ನಡುವೆ ಹನ್ನೆರಡು ವರ್ಷ. ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚುಕ್ಕಿಗಳ ಲೆಕ್ಕ, ಭಾರದ ಪರಮಾಣುಗಳ ಉಪಾಯ, ಆ ಕಾಲದ ಕಂಪ್ಯೂಟರು. ಕೊನೆಗೆ ಕಂಡದ್ದು ಎಲ್ಲರನ್ನೂ ಅಚ್ಚರಿಗೊಳಿಸಿತು. ಈ ಪ್ರೋಟೀನಿನಲ್ಲಿ ಒಂದೇ ತೆರನ ನಾಲ್ಕು ತುಂಡುಗಳಿವೆ. ಅಂಥ ನಾಲ್ಕು ತುಂಡು ಸೇರಿದರೆ ರಂಗೋಲಿಯಂತೆ ಸರಿಸಮ ಕೂರಬೇಕೆಂಬುದು ವಾಡಿಕೆ. ಶೇಂಗಾ ಲೆಕ್ಟಿನ್ ಹಾಗೆ ಕೂತಿರಲಿಲ್ಲ; ಎರಡೆರಡು ತುಂಡುಗಳ ಜೋಡಿ ಓರೆಯಾಗಿ ಕೂಡಿ, ನಾಲ್ಕರ ಸಮಮಿತಿ ಮುರಿದಿತ್ತು. ನಾನು ಇದನ್ನು ಓದಿದಾಗ ನೆನಪಾದದ್ದು ಕೊಂಡಿಯೇ: ಎಳೆ ಒಂದೇ ಇದ್ದರೂ ಕೂಡುವ ರೀತಿ ಬೇರೆಯಾದರೆ ಬಟ್ಟೆಯೇ ಬೇರೆ.

ಆಮೇಲೆ ಆ ಲ್ಯಾಬಿನ ಪಟ್ಟಿ ಸಂತೆಯ ಚೀಟಿಯಂತಾಯಿತು. 1996ರಲ್ಲಿ ಹಲಸಿನ ಬೀಜದ ಜಾಕಲಿನ್, 1999ರಲ್ಲಿ ಬೆಳ್ಳುಳ್ಳಿಯ ಲೆಕ್ಟಿನ್, ಮುಂದೆ ಕ್ಷಯರೋಗದ ಬ್ಯಾಕ್ಟೀರಿಯಾದ ಪ್ರೋಟೀನುಗಳು. ಅದೇ ಘಟಕದ ಎಂ.ಆರ್.ಎನ್. ಮೂರ್ತಿ ಅವರ ಗುಂಪು ಚೊಗಚೆ ಗಿಡಕ್ಕೆ ತಗಲುವ ವೈರಸ್ಸಿನ ಚಿಪ್ಪನ್ನು ಬಿಡಿಸಿತು. 180 ಪ್ರೋಟೀನ್ ತುಂಡುಗಳು ಸೇರಿ ಆದ ಚೆಂಡು ಅದು. ವಿಜಯನ್ 2022ರ ಏಪ್ರಿಲ್‌ನಲ್ಲಿ ತೀರಿಕೊಂಡರು.

ಈಗ ಕಸುಬು ಬದಲಾಗಿದೆ. ಹರಳೇ ಬೇಡ, ಪ್ರೋಟೀನನ್ನು ಗಕ್ಕನೆ ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವ ಕ್ರಯೋ-ಇಎಂ ವಿಧಾನಕ್ಕೆ 2017ರ ನೊಬೆಲ್ ಬಂತು. ಬೆಂಗಳೂರಿನಲ್ಲೂ ಆ ಯಂತ್ರಗಳಿವೆ. ಮಣಿಗಳ ಸಾಲು ಕೊಟ್ಟರೆ ಮಡಿಕೆ ಊಹಿಸುವ ಕಂಪ್ಯೂಟರ್ ಪ್ರೋಗ್ರಾಮು ಆಲ್ಫಾಫೋಲ್ಡ್‌ಗೆ 2024ರ ನೊಬೆಲ್ಲಿನಲ್ಲಿ ಪಾಲು ಸಿಕ್ಕಿತು. ಹಾಗಾದರೆ ಹನಿ ತೂಗುಬಿಟ್ಟು ಕಾಯುವವರ ಕಾಲ ಮುಗಿಯಿತೇ? ನನಗೆ ಹಾಗನಿಸುವುದಿಲ್ಲ. ಆ ಕಂಪ್ಯೂಟರು ಪಾಠ ಕಲಿತದ್ದೇ ಪ್ರೋಟೀನ್ ಡೇಟಾ ಬ್ಯಾಂಕ್‌ನಿಂದ. 1971ರಲ್ಲಿ ಏಳು ರಚನೆಗಳೊಂದಿಗೆ ತೆರೆದ ಆ ಉಗ್ರಾಣದಲ್ಲಿ ಈಗ ಎರಡು ಲಕ್ಷಕ್ಕೂ ಮೇಲಿವೆ. ಅವನ್ನೆಲ್ಲ ಕೈಯಿಂದ ತುಂಬಿದವರಲ್ಲಿ ಶೇಂಗಾದವರೂ ಸೇರಿದ್ದಾರೆ.

ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಫೆಬ್ರುವರಿ ಕೊನೆ ಅಥವಾ ಮಾರ್ಚ್‌ನಲ್ಲಿ, ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಟಿಕೆಟ್ಟಿಲ್ಲ. ಬಾಗಲಕೋಟೆ, ಬಾದಾಮಿಯಿಂದ ಗೋಲಗುಂಬಜ್ ರೈಲು ಹತ್ತಿದರೆ ಬೆಳಗಾಗುವುದು ಬೆಂಗಳೂರಿನ ಕಡೆ. ಹೈಸ್ಕೂಲಿನ ಮೇಷ್ಟ್ರುಗಳು ಈ ಸಲ ಪ್ರವಾಸಕ್ಕೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ನೇಕಾರರ ಮನೆಯ ಮಕ್ಕಳಿದ್ದರೆ ಮುಂದಿನ ಸಾಲಿನಲ್ಲಿ ನಿಲ್ಲಿಸಿ, ಎಳೆ ನೋಡುವ ಕಣ್ಣು ಅವರಿಗೆ ಮನೆಯಿಂದಲೇ ಬಂದಿರುತ್ತದೆ.